ಚುರುಕು ಕಾರಿಗೆ ಹೊಸ ಟೈರ್: ಪುಣೆಯಲ್ಲಿ ಓಡಿಸುವವರು ನೋಡಬೇಕಾದ್ದು

ಪುಣೆಯಲ್ಲಿ ಬಹಳ ಜನರಿಗೆ ಟೈರಿನ ನೆನಪು ಬರುವುದು ಜೂನ್‌ನಲ್ಲಿ. ಮೊದಲ ಮಳೆ ಬಿದ್ದಿರುತ್ತದೆ, ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆ ಕಡೆ ಇಳಿಯುವಾಗ ಬ್ರೇಕ್ ಒತ್ತಿದರೂ ಕಾರು ಇನ್ನೂ ಸ್ವಲ್ಪ ಮುಂದಕ್ಕೆ ಜಾರುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೇ ಅಂಗಡಿಗೆ ನುಗ್ಗುತ್ತಾರೆ. ಬೇಕಾದ ಸೈಜ್ ಸಿಗುವುದಿಲ್ಲ, ಅಂಗಡಿಯವನು ಇದ್ದದ್ದನ್ನೇ ಹೊಗಳಿ ಹಾಕಿ ಕಳಿಸುತ್ತಾನೆ. ಈ ಕೆಲಸ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಂದ ನುಣುಪು ಹಾಗೇ ಇರುತ್ತದೆ, ಅದು ಉಜ್ಜಿ ಹೋಗಿ ಸರಿಯಾದ ಹಿಡಿತ ಬರಲು ಕೆಲವು ನೂರು ಕಿಲೋಮೀಟರ್ ಓಡಬೇಕು. ಅಷ್ಟು ಓಡಾಟ ಒಣ ರಸ್ತೆಯಲ್ಲೇ ಮುಗಿದರೆ ಒಳ್ಳೆಯದು, ಅಲ್ವಾ?

ಇದು ರೇಸಿಗೆ ಹೋಗುವ ಕಾರಿನ ಮಾತಲ್ಲ. ನಮ್ಮ ಚಾಕಣದಲ್ಲೇ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಸ್ಕೋಡಾ ಸ್ಲಾವಿಯಾ, 2022ರಲ್ಲಿ ನಿಂತುಹೋದ ಪೋಲೊ ಜಿಟಿ, ಇಲ್ಲವೇ ಹ್ಯುಂಡೈನ ಐ20 ಎನ್ ಲೈನ್, ಇಂಥ ಕಾರುಗಳ ಮಾತು. ವಾರವೆಲ್ಲ ಹಿಂಜವಡಿ ಟ್ರಾಫಿಕ್ಕಿನಲ್ಲಿ ತೆವಳುತ್ತವೆ, ಶನಿವಾರ ಬೆಳಿಗ್ಗೆ ತಾಮ್ಹಿಣಿ ಘಾಟಿಗೆ ಹೋಗುತ್ತವೆ, ಹಬ್ಬ ಬಂದರೆ ನಾಲ್ಕು ಜನ ಮತ್ತು ಡಿಕ್ಕಿ ತುಂಬ ಸಾಮಾನು ಹೊತ್ತು ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಗೋ ಹುಬ್ಬಳ್ಳಿಗೋ ಓಡುತ್ತವೆ. ಒಂದೇ ಟೈರ್ ಈ ಮೂರೂ ಕೆಲಸ ಮಾಡಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಕಾರಿಗೆ ಟೈರ್ ಆರಿಸುವಾಗ ಒದ್ದೆ ರಸ್ತೆಯಲ್ಲಿ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದು ಮೊದಲು. ಗುಂಡಿಗೆ ಬಿದ್ದರೆ ತಡೆದುಕೊಳ್ಳುತ್ತದಾ ಅನ್ನುವುದು ಎರಡನೆಯದು. ಸ್ಟೇರಿಂಗ್ ಚುರುಕು, ಸದ್ದು, ಮೈಲೇಜ್, ಎಷ್ಟು ಸಾವಿರ ಕಿಲೋಮೀಟರ್ ಬಾಳುತ್ತದೆ, ಇವೆಲ್ಲ ಆಮೇಲೆ. ನೋಡಲು ದಪ್ಪಗೆ ಕಾಣುತ್ತದಾ ಅನ್ನುವುದು ಲೆಕ್ಕಕ್ಕೇ ಬೇಡ.

ಮೊದಲು ಹಳೆ ಟೈರ್ ನೋಡಿ

ಅಂಗಡಿಗೆ ಹೋಗುವ ಮುಂಚೆ ಬಿಸಿಲಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಮುಂದಿನ ಟೈರುಗಳನ್ನು ಸರಿಯಾಗಿ ನೋಡಿ. ಸುಮ್ನೆ ನಿಂತು ನೋಡಿದರೆ ಹೊರ ಅಂಚು ಮಾತ್ರ ಕಾಣುತ್ತದೆ, ಮೋಸ ಇರುವುದು ಒಳ ಅಂಚಿನಲ್ಲಿ. ಕೈ ಹಾಕಿ ಒಳಗಡೆ ಸವರಿ, ಆದರೆ ಹುಷಾರು, ತುಂಬ ಸವೆದಿದ್ದರೆ ಒಳಗಿನ ತಂತಿ ಹೊರಗೆ ಬಂದಿರುತ್ತದೆ, ಬೆರಳು ಕುಯ್ಯುತ್ತದೆ. ಒಳ ಅಂಚು ಮಾತ್ರ ನುಣ್ಣಗಾಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ಕೆಟ್ಟಿದೆ ಅಂತ ಅರ್ಥ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇಟ್ಟು ಓಡಿಸಿದ್ದೀರಿ, ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಡಿಮೆ. ಟೈರ್ ಸುತ್ತ ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಪರೀಕ್ಷೆ ಮಾಡಿಸಿ. ಇದನ್ನೆಲ್ಲ ಸರಿಮಾಡಿಸದೆ ಹೊಸ ಟೈರ್ ಹಾಕಿಸಿದರೆ ಅದೂ ಹಾಗೇ ಸವೆಯುತ್ತದೆ, ಎಷ್ಟೇ ದುಬಾರಿ ಕಂಪನಿಯದಾದರೂ.

ಟೈರಿನ ಗೀರುಗಳ ಒಳಗೆ, ಅಡ್ಡಕ್ಕೆ, ಸಣ್ಣ ದಿಬ್ಬಗಳಿರುತ್ತವೆ. ಅವು ಎಲ್ಲಿವೆ ಅಂತ ತೋರಿಸಲು ಪಕ್ಕದ ಅಂಚಿನಲ್ಲಿ ಚಿಕ್ಕ ತ್ರಿಕೋನವನ್ನೋ ಟಿಡಬ್ಲ್ಯುಐ ಅನ್ನುವ ಅಕ್ಷರಗಳನ್ನೋ ಅಚ್ಚು ಹಾಕಿರುತ್ತಾರೆ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಗೀರಿನ ಆಳ 1.6 ಮಿಲಿಮೀಟರ್ ಉಳಿದಿದೆ ಅಂತ, ಕಾರುಗಳಿಗೆ ಕಾನೂನಿನ ಮಿತಿ ಅದೇ. ಆದರೆ ಕಾನೂನಿನ ಮಿತಿಯವರೆಗೂ ಕಾಯುವುದು ನಮ್ಮ ಕಡೆಯ ಮಳೆಗೆ ಸರಿಹೋಗುವುದಿಲ್ಲ. ಹೊಸ ಟೈರಿನಲ್ಲಿ ಏಳೆಂಟು ಮಿಲಿಮೀಟರ್ ಆಳ ಇರುತ್ತದೆ, ಅದು 3ಕ್ಕೆ ಇಳಿದ ಮೇಲೆ ನೀರು ಹೊರಗೆ ತಳ್ಳುವ ಶಕ್ತಿ ಬಹಳ ಕುಗ್ಗುತ್ತದೆ. ಒಣ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಎಕ್ಸ್‌ಪ್ರೆಸ್‌ವೇ ಮೇಲೆ ನೀರು ನಿಂತ ಕಡೆ ಒಮ್ಮೆಲೇ ಸ್ಟೇರಿಂಗ್ ಹಗುರಾದಾಗ ಗೊತ್ತಾಗುತ್ತದೆ. ಆಳ ಅಳೆಯುವ ಚಿಕ್ಕ ಗೇಜ್ ಆನ್‌ಲೈನಲ್ಲಿ ಸಿಗುತ್ತದೆ, ಬೆಲೆ ತೀರಾ ಕಡಿಮೆ. ಒಂದು ತಗೊಂಡು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಹಾಕಿಡಿ.

ಪಕ್ಕದ ಗೋಡೆಯಲ್ಲಿ, ಅಂದರೆ ಸೈಡ್‌ವಾಲ್‌ನಲ್ಲಿ, ನಿಂಬೆಹಣ್ಣಿನಷ್ಟು ಉಬ್ಬು ಬಂದಿದ್ದರೆ ಅಳೆಯುವುದೇ ಬೇಡ. ಗುಂಡಿಗೆ ಬಿದ್ದಾಗ ಒಳಗಿನ ದಾರ ಹರಿದಿದೆ, ರಬ್ಬರ್ ಒಂದೇ ಗಾಳಿಯನ್ನು ಹಿಡಿದುಕೊಂಡಿದೆ. ಅದು ರಿಪೇರಿ ಆಗುವುದಿಲ್ಲ. ಆ ಟೈರಿನಲ್ಲಿ ಊರಿಗೆ ಹೊರಡಬೇಡಿ.

ಸೈಜ್ ವಿಷಯ

ಇಲ್ಲೇ ಜನ ಜಾಸ್ತಿ ದುಡ್ಡು ಸುಡುವುದು. 205/55 ಆರ್16 91ವಿ ಅಂತ ಬರೆದಿದ್ದರೆ ಮೊದಲನೆಯದು ಅಗಲ, ಮಿಲಿಮೀಟರ್‌ನಲ್ಲಿ. 55 ಅಂದರೆ ಆ ಅಗಲದ ನೂರಕ್ಕೆ 55ರಷ್ಟು ಎತ್ತರ ಸೈಡ್‌ವಾಲ್‌ಗೆ. 16 ರಿಮ್ಮಿನ ಇಂಚು. 91 ಅಂದರೆ ಒಂದು ಟೈರ್ 615 ಕೆಜಿ ಹೊರಬಲ್ಲದು, ವಿ ಅಂದರೆ ಗಂಟೆಗೆ 240 ಕಿಲೋಮೀಟರ್ ವೇಗಕ್ಕೆ ಪಾಸಾಗಿದೆ. ಎಚ್ ಇದ್ದರೆ 210, ಟಿ ಇದ್ದರೆ 190. ‘ನಾನೇನು 240ರಲ್ಲಿ ಹೋಗುತ್ತೇನಾ, ಟಿ ಸಾಕು’ ಅಂತ ಕೆಲವರು ವಾದ ಮಾಡುತ್ತಾರೆ. ಆ ಅಕ್ಷರ ಬರೀ ವೇಗದ್ದಲ್ಲ, ಬಿಸಿ ತಡೆಯುವ ಶಕ್ತಿಯದ್ದೂ ಹೌದು. ಮೇ ತಿಂಗಳ ಮಧ್ಯಾಹ್ನ ಕಾಂಕ್ರೀಟ್ ರಸ್ತೆ ಮೇಲೆ, ನಾಲ್ಕು ಜನರ ಭಾರ ಹೊತ್ತು, 100ರಲ್ಲಿ ಒಂದು ಗಂಟೆ ಓಡುವಾಗ ಅದು ಕೆಲಸಕ್ಕೆ ಬರುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುವುದಕ್ಕಿಂತ ಭಾರ, ವೇಗದ ಈ ಎರಡು ಗುರುತುಗಳಲ್ಲಿ ಯಾವುದನ್ನೂ ಕೆಳಗಿಳಿಸಬೇಡಿ. ಮೇಲೇರಿದರೆ ತೊಂದರೆ ಇಲ್ಲ.

ಇನ್ನು ಸೈಜ್ ದೊಡ್ಡದು ಮಾಡುವ ಆಸೆ. ಐ20 ಎನ್ ಲೈನ್‌ಗೆ ಕಂಪನಿಯಿಂದ ಬರುವುದು 195/55 ಆರ್16. ಅದರ ಜಾಗದಲ್ಲಿ 205/55 ಆರ್16 ಹಾಕಿಸಿ ಅಂತ ಅಂಗಡಿಯವರು ಹೇಳುವುದುಂಟು, ಯಾಕೆಂದರೆ ಆ ಸೈಜ್ ಅವರ ಹತ್ತಿರ ಜಾಸ್ತಿ ಇರುತ್ತದೆ. ಲೆಕ್ಕ ನಾವೇ ಹಾಕೋಣ. 16 ಇಂಚು ಅಂದರೆ 406.4 ಮಿಲಿಮೀಟರ್. 195ರ ಶೇಕಡಾ 55 ಅಂದರೆ 107 ಚಿಲ್ಲರೆ, ಮೇಲೆ ಕೆಳಗೆ ಎರಡು ಸಲ ಸೇರಿಸಿದರೆ ಒಟ್ಟು ಎತ್ತರ 621 ಮಿಲಿಮೀಟರ್. 205/55ಕ್ಕೆ ಇದೇ ಲೆಕ್ಕ ಹಾಕಿದರೆ 632. ವ್ಯತ್ಯಾಸ ಶೇಕಡಾ 1.8. ಮೂಲ ಎತ್ತರಕ್ಕಿಂತ ಶೇಕಡಾ 3ರ ಒಳಗೆ ಇರಬೇಕು ಅನ್ನುವ ರೂಢಿ ಇದೆ, ಹಾಗಾಗಿ ಇದು ನಡೆಯುತ್ತದೆ. ನೆಲದಿಂದ ಕಾರು ಐದೂವರೆ ಮಿಲಿಮೀಟರ್ ಮೇಲೇಳುತ್ತದೆ, ಸ್ಪೀಡೋಮೀಟರ್ ಮೊದಲಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಸೈಡ್‌ವಾಲ್ ಕೂಡ ಸ್ವಲ್ಪ ಎತ್ತರ ಸಿಗುತ್ತದೆ. ಆದರೆ ಒಂದು ಮಾತು: ಕಡಿಮೆ ಅಗಲದ ಟೈರು ನೀರನ್ನು ಸೀಳಿಕೊಂಡು ಹೋಗುತ್ತದೆ, ಗೀರಿನ ಆಳ ಒಂದೇ ಆಗಿದ್ದರೆ ಅಗಲ ಜಾಸ್ತಿ ಇರುವುದು ನೀರಿನ ಮೇಲೆ ಬೇಗ ತೇಲುತ್ತದೆ. ಹತ್ತು ಮಿಲಿಮೀಟರಿಗೆ ಇದು ದೊಡ್ಡ ವಿಷಯ ಅಲ್ಲ. 195 ಇದ್ದ ಕಡೆ 225 ತುರುಕಿದರೆ ದೊಡ್ಡ ವಿಷಯ.

ರಿಮ್ ಸಮೇತ 17ಕ್ಕೆ ಹೋಗುವವರಿಗೆ: ವರ್ಟಸ್ ಜಿಟಿಯ 205/55 ಆರ್16 ಜಾಗಕ್ಕೆ 225/45 ಆರ್17 ಹಾಕಿದರೆ ಒಟ್ಟು ಎತ್ತರ 634, ಲೆಕ್ಕದಲ್ಲಿ ಬಹಳ ಚೆನ್ನಾಗಿ ಕೂರುತ್ತದೆ. ಆದರೆ ಸೈಡ್‌ವಾಲ್ 113ರಿಂದ 101 ಮಿಲಿಮೀಟರಿಗೆ ಇಳಿಯುತ್ತದೆ. ಸಿಂಹಗಡ ರಸ್ತೆಯಲ್ಲಿ ಮಳೆಗಾಲದಲ್ಲಿ ನೀರು ತುಂಬಿ ಕಾಣದ ಗುಂಡಿಗೆ ಬಿದ್ದಾಗ ಆ ಹನ್ನೆರಡು ಮಿಲಿಮೀಟರೇ ರಿಮ್ಮನ್ನು ಕಾಯುವುದು. ಮೂಲೆಯಲ್ಲಿ ಸ್ಟೇರಿಂಗ್ ಚುರುಕಾಗುತ್ತದೆ ನಿಜ, ತಿಂಗಳಿಗೊಮ್ಮೆ ಘಾಟ್ ಏರುವಾಗ ಖುಷಿ ಕೊಡುತ್ತದೆ ನಿಜ, ಆದರೆ ಉಳಿದ ದಿನವೆಲ್ಲ ಒಂದೊಂದು ರೋಡ್ ಹಂಪ್‌ಗೂ ಬೆನ್ನು ಲೆಕ್ಕ ಕೊಡಬೇಕು. ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಜೂನ್ 2020ರಲ್ಲಿ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು, ತರಿಸಬೇಕಾದರೆ ಲೈಸೆನ್ಸ್ ಬೇಕು. ಹಾಗಾಗಿ ಇಲ್ಲಿ ತಯಾರಾಗದ ಸೈಜ್ ಆರಿಸಿಕೊಂಡರೆ ಒಂದು ಟೈರ್ ಒಡೆದ ದಿನ ಅದೇ ಮಾದರಿಯ ಇನ್ನೊಂದು ಟೈರಿಗೆ ವಾರಗಟ್ಟಲೆ ಕಾಯಬೇಕಾಗಬಹುದು. ರಿಮ್ ಕೊಳ್ಳುವ ಮುಂಚೆ ಆ ಸೈಜಿನಲ್ಲಿ ಕನಿಷ್ಠ ಮೂರು ಕಂಪನಿಯ ಟೈರ್ ಪುಣೆಯಲ್ಲಿ ಇವತ್ತು ಸಿಗುತ್ತದಾ ಅಂತ ಫೋನ್ ಮಾಡಿ ಕೇಳಿ. ಸಿಗದಿದ್ದರೆ ಬಿಟ್ಟುಬಿಡಿ. ವಿಮೆ ಕಂಪನಿಗೂ ತಿಳಿಸಬೇಕಾಗುತ್ತದೆ, ಆ ತಲೆನೋವು ಬೇರೆ.

ನನ್ನ ಮಟ್ಟಿಗೆ ಕಂಪನಿ ಕೊಟ್ಟ ಸೈಜೇ ಸರಿ. ರಿಮ್ಮಿಗೆ ಹಾಕುವ ದುಡ್ಡನ್ನು ಅದೇ ಸೈಜಿನ ಒಂದು ಮೆಟ್ಟಿಲು ಮೇಲಿನ ಟೈರಿಗೆ ಹಾಕಿ.

ಯಾವ ಬಗೆಯದು

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಟೈರುಗಳನ್ನು ನಾನು ಮೂರು ಗುಂಪು ಮಾಡಿಕೊಳ್ಳುತ್ತೇನೆ. ಒಂದು, ಮೈಲೇಜಿಗೆ ಮತ್ತು ಬಾಳಿಕೆಗೆ ಮಾಡಿದ್ದು. ಗಟ್ಟಿ ರಬ್ಬರ್, 60 ಸಾವಿರ ಕಿಲೋಮೀಟರ್ ಓಡುತ್ತದೆ ಅಂತ ಹೊಗಳುತ್ತಾರೆ. ದಿನವೆಲ್ಲ ಓಡುವ ಟ್ಯಾಕ್ಸಿಗೆ ಇದು ಸರಿ, ಟರ್ಬೊ ಎಂಜಿನ್ ಇರುವ ಕಾರಿಗೆ ಅಲ್ಲ. ಮಳೆಯಲ್ಲಿ ಸಿಗ್ನಲ್ ಬಿಟ್ಟಾಗ ಮುಂದಿನ ಚಕ್ರ ಸುಮ್ನೆ ಗಿರಗಿರ ತಿರುಗುತ್ತದೆ. ಎರಡು, ಟೂರಿಂಗ್ ಅನ್ನುವ ಬಗೆ: ಮಿಶೆಲಿನ್ ಪ್ರೈಮಸಿ 4 ಎಸ್‌ಟಿ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6, ಯೊಕೊಹಾಮಾ ಬ್ಲೂಅರ್ಥ್ ಜಿಟಿ, ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ 2 ಇಂಥವು. ಸದ್ದು ಕಡಿಮೆ, ಒದ್ದೆಯಲ್ಲಿ ಒಳ್ಳೆ ಹಿಡಿತ, ಸೈಡ್‌ವಾಲ್ ಸ್ವಲ್ಪ ಮೆತ್ತಗೆ. ಮೂರು, ಸ್ಪೋರ್ಟ್ ಅನ್ನುವ ಬಗೆ: ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ಅಪೋಲೊ ಕಂಪನಿಯದೇ ಆದ ವ್ರೆಡೆಸ್ಟೀನ್ ಬ್ರ್ಯಾಂಡಿನ ಅಲ್ಟ್ರಾಕ್ ಸಾಲು. ಸೈಡ್‌ವಾಲ್ ಬಿಗಿ, ರಬ್ಬರ್ ಮೆತ್ತಗೆ, ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ, ಮೆತ್ತಗಿದ್ದಷ್ಟೂ ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ.

ವಾರವೆಲ್ಲ ಆಫೀಸು, ಆಗಾಗ ಊರು ಅನ್ನುವವರಿಗೆ ಎರಡನೇ ಗುಂಪು ಸಾಕು. ಒಳ್ಳೆ ಟೂರಿಂಗ್ ಟೈರ್ ಕೆಟ್ಟ ಸ್ಪೋರ್ಟ್ ಟೈರಿಗಿಂತ ಮಳೆಯಲ್ಲಿ ಎಷ್ಟೋ ಮೇಲು. ಅದರಲ್ಲೂ ಮನೆಯಲ್ಲಿ ಆ ಕಾರನ್ನು ಅಪ್ಪ ಅಮ್ಮನೂ ಹತ್ತಿ ಕೂರುತ್ತಾರೆ ಅಂದರೆ ಬೇರೆ ಯೋಚನೆಯೇ ಬೇಡ. ಪ್ರತಿ ವಾರ ಘಾಟಿಗೆ ಹೋಗುವ ಚಟ ಇದ್ದು, 30 ಸಾವಿರ ಕಿಲೋಮೀಟರಿಗೇ ಬದಲಿಸಬೇಕಾಗಿ ಬಂದರೂ ಬೇಜಾರಿಲ್ಲ ಅನ್ನುವವರು ಮೂರನೇ ಗುಂಪಿಗೆ ಹೋಗಿ, ಆ ಸೈಜಿನಲ್ಲಿ ಸಿಕ್ಕರೆ. ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಮಾಡಿದ, ಗೀರು ಬಹಳ ಕಡಿಮೆ ಇರುವ ಸೆಮಿ ಸ್ಲಿಕ್ ಟೈರನ್ನು ದಿನದ ಕಾರಿಗೆ ಹಾಕಿಕೊಂಡು ಮಳೆಗಾಲದಲ್ಲಿ ಓಡಿಸುವವರಿಗೆ ನಾನು ಹೇಳುವುದೇನೂ ಇಲ್ಲ.

ದೇಶೀ ಕಂಪನಿಗಳನ್ನು ಕಣ್ಣುಮುಚ್ಚಿ ಬದಿಗಿಡಬೇಡಿ. ಎಂಆರ್‌ಎಫ್, ಸಿಯೆಟ್, ಅಪೋಲೊ, ಜೆಕೆ ಎಲ್ಲವೂ ಈಗ 16 ಇಂಚಿಗೆ ಒಳ್ಳೆ ಟೈರ್ ಮಾಡುತ್ತವೆ. (ಮೈಸೂರಿನ ವಿಕ್ರಾಂತ್ ಟೈರ್ಸ್ ನೆನಪಿರುವವರಿಗೆ: 1997ರಲ್ಲಿ ಅದನ್ನು ತಗೊಂಡದ್ದು ಜೆಕೆ.) ಇವುಗಳ ದೊಡ್ಡ ಅನುಕೂಲ ಅಂದರೆ ಸೈಡ್‌ವಾಲ್ ಒಡೆದು ಕರಾಡ್ ಹತ್ತಿರ ನಿಂತರೂ ಬದಲಿ ಸಿಗುತ್ತದೆ.

ಒದ್ದೆ ಹಿಡಿತ ಹೇಗಿದೆ ಅಂತ ತಿಳಿಯುವುದು ಹೇಗೆ? ನಮ್ಮಲ್ಲಿ ಟೈರುಗಳು ಉರುಳುವ ಪ್ರತಿರೋಧ, ಒದ್ದೆ ಹಿಡಿತ, ಸದ್ದು ಈ ಮೂರರಲ್ಲೂ ಪಾಸಾಗಬೇಕು ಅಂತ 2022ರಲ್ಲಿ ನಿಯಮ ಬಂತು, ಎಐಎಸ್-142 ಅಂತ ಅದರ ಹೆಸರು. ಆದರೆ ಅದು ಪಾಸೋ ಫೇಲೋ ಅಷ್ಟೇ, ಎಷ್ಟು ಅಂಕ ಅಂತ ಟೈರಿನ ಮೇಲೆ ಕಾಣುವುದಿಲ್ಲ. ಯುರೋಪಿನಲ್ಲಿ ಮಾರುವ ಟೈರಿಗೆ ಎ ಇಂದ ಇ ವರೆಗೆ ಒದ್ದೆ ಹಿಡಿತದ ದರ್ಜೆ ಇರುವ ಚೀಟಿ ಅಂಟಿಸಿರುತ್ತಾರೆ, ಅದನ್ನು ಆನ್‌ಲೈನಲ್ಲಿ ನೋಡಬಹುದು. ಅದು ದಿಕ್ಕು ತೋರಿಸುತ್ತದೆ, ಆದರೆ ಅದೇ ಹೆಸರಿನ ಟೈರ್ ಇಲ್ಲಿ ಬೇರೆ ರಬ್ಬರಿನಲ್ಲಿ ಬರಬಹುದು ಅನ್ನುವುದು ತಲೆಯಲ್ಲಿರಲಿ. ವಿದೇಶದ ವಿಡಿಯೊಗಳಲ್ಲಿ ಚಳಿಗಾಲದ ಟೈರ್, ಆಲ್ ಸೀಸನ್ ಟೈರ್ ಅಂತ ಗಂಟೆಗಟ್ಟಲೆ ಮಾತಾಡುತ್ತಾರಲ್ಲ, ಅದು ನಮಗೆ ಸಂಬಂಧ ಇಲ್ಲ. ನಮಗೆ ಹಿಮ ಇಲ್ಲ, ಬಿಸಿಲು ಮತ್ತು ನೀರು ಎರಡೇ.

ಸೈಡ್‌ವಾಲ್ ಮೇಲೆ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ, 300, 420, 500 ಹೀಗೆ. ಜಾಸ್ತಿ ಇದ್ದರೆ ಜಾಸ್ತಿ ಬಾಳಿಕೆ. ಪರೀಕ್ಷೆ ಮಾಡಿ ಸಂಖ್ಯೆ ಹಾಕುವುದು ಆಯಾ ಕಂಪನಿಯೇ, ಆದ್ದರಿಂದ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಮಾತ್ರ ಬಳಸಿ. ಅದರ ಪಕ್ಕ ಟ್ರ್ಯಾಕ್ಷನ್ ಅಂತ ಎಎ, ಎ, ಬಿ, ಸಿ ಇರುತ್ತದೆ. ಅದು ಒದ್ದೆ ನೆಲದಲ್ಲಿ ಜಾರುತ್ತ ನಿಲ್ಲುವ ಪರೀಕ್ಷೆ. ಚುರುಕು ಕಾರಿಗೆ ಎ ಗಿಂತ ಕೆಳಗೆ ಬೇಡ. ಎಕ್ಸ್ಎಲ್ ಅಂತ ಇದ್ದರೆ ಒಳಗಿನ ಕಟ್ಟು ಗಟ್ಟಿ, ಹೆಚ್ಚಿನ ಭಾರ ಹೊರುತ್ತದೆ. ನಮ್ಮ ಗುಂಡಿಗಳಿಗೆ ಒಳ್ಳೆಯದೇ, ಸ್ವಲ್ಪ ಒರಟು ಅನ್ನಿಸಬಹುದು.

ಅಂಗಡಿಯಲ್ಲಿ

ಕನಿಷ್ಠ ಮೂರು ಕಡೆ ದರ ಕೇಳಿ. ಕೇಳುವಾಗ ‘ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಹೊಸ ವಾಲ್ವ್, ಜಿಎಸ್‌ಟಿ ಎಲ್ಲ ಸೇರಿ ಎಷ್ಟು’ ಅಂತಲೇ ಕೇಳಬೇಕು, ಇಲ್ಲದಿದ್ದರೆ ಫೋನಿನಲ್ಲಿ ಹೇಳಿದ ದರ ಬಿಲ್ಲಿನಲ್ಲಿ ಊದಿಕೊಂಡಿರುತ್ತದೆ. ಟೈರಿನ ಮೇಲಿನ ಜಿಎಸ್‌ಟಿ 22 ಸೆಪ್ಟೆಂಬರ್ 2025ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಹಳೆ ದರಪಟ್ಟಿ ಹಿಡಿದು ಮಾತಾಡುವವರಿಗೆ ಅದನ್ನು ನೆನಪಿಸಿ. ಹಳೆ ಟೈರಿಗೆ ಎಷ್ಟು ಕಳೆಯುತ್ತೀರಿ ಅಂತಲೂ ಕೇಳಿ. ಸಂಕೋಚ ಬೇಡ, ಅವರು ಅದನ್ನು ಮಾರಿಕೊಳ್ಳುತ್ತಾರೆ.

ದರ ಒಪ್ಪಿದ ಮೇಲೆ, ರಿಮ್ಮಿಗೆ ಹಾಕುವ ಮುಂಚೆ, ನಾಲ್ಕೂ ಟೈರ್ ನಿಮ್ಮ ಮುಂದೆ ಇಡಿಸಿ. ‘ಭಾವು, ಡೇಟ್ ದಾಖವಾ’ (ಅಣ್ಣಾ, ಡೇಟ್ ತೋರಿಸಿ) ಅಂತ ಮರಾಠಿಯಲ್ಲಿ ಅಂದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಸೈಡ್‌ವಾಲ್ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ, ಉದ್ದನೆ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 0825 ಇದ್ದರೆ 2025ರ ಎಂಟನೇ ವಾರ. ಈ ಅಂಕಿ ಟೈರಿನ ಒಂದೇ ಬದಿಯಲ್ಲಿ ಇರುತ್ತದೆ, ಕಾಣದಿದ್ದರೆ ಮಗುಚಿ ನೋಡಿ. ಆರು ತಿಂಗಳ ಒಳಗಿನದು ಸಿಕ್ಕರೆ ಒಳ್ಳೆಯದು, ಒಂದು ವರ್ಷ ದಾಟಿದ್ದರೆ ನಾನು ಬೇಡ ಅನ್ನುತ್ತೇನೆ, ಇಲ್ಲವೇ ದರ ಗಟ್ಟಿಯಾಗಿ ಇಳಿಸುತ್ತೇನೆ. ನಮ್ಮ ಹತ್ತಿರದ ಒಂದು ಅಂಗಡಿಯಲ್ಲಿ ಮೂರು ಟೈರ್ ಹೊಸವು, ನಾಲ್ಕನೆಯದು ಎರಡು ವರ್ಷ ಹಳೆಯದು ಇಟ್ಟಿದ್ದರು, ಹಳೆಯದರ ಅಂಕಿ ಇರುವ ಬದಿಯನ್ನು ಗೋಡೆಗೆ ತಿರುಗಿಸಿ. ಕೇಳಿದ್ದಕ್ಕೆ ‘ಎಲ್ಲ ಒಂದೇ ಲಾಟ್ ಸಾಹೇಬ್ರೇ’ ಅಂದರು. ಒಂದೇ ಲಾಟ್ ಆಗಿರಲಿಲ್ಲ.

ಅದರ ಜೊತೆಗೆ ಐಎಸ್‌ಐ ಗುರುತು ಇದೆಯಾ ನೋಡಿ, ಇಲ್ಲಿ ಮಾರುವ ಕಾರ್ ಟೈರಿಗೆ ಅದು ಕಡ್ಡಾಯ. ಬಿಲ್ಲಿನಲ್ಲಿ ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ನಾಳೆ ವಾರಂಟಿ ಅಂತ ಹೋದರೆ ಅದೇ ಮೊದಲು ಕೇಳುವುದು. ಸೆಕೆಂಡ್ ಹ್ಯಾಂಡ್ ಟೈರ್ ಕಡೆ ಮಾತ್ರ ತಿರುಗಿಯೂ ನೋಡಬೇಡಿ. ಸವೆದ ಟೈರಿಗೆ ಬಿಸಿ ಕತ್ತಿಯಲ್ಲಿ ಗೀರು ಕೊರೆದು, ಕಪ್ಪು ಪಾಲಿಶ್ ಹಚ್ಚಿ, ರಸ್ತೆ ಬದಿ ಹೊಸದರ ಹಾಗೆ ಮಾರುತ್ತಾರೆ. ಹಾಗೆ ಕೊರೆದ ಕಡೆ ದಾರದ ಮೇಲೆ ರಬ್ಬರೇ ಉಳಿದಿರುವುದಿಲ್ಲ.

ನಾಲ್ಕೂ ಒಟ್ಟಿಗೆ ಬದಲಿಸಲು ಈಗ ದುಡ್ಡಿಲ್ಲ, ಎರಡೇ ಅಂದರೆ, ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಅಂಗಡಿಯವರು ಒಪ್ಪುವುದಿಲ್ಲ, ‘ಎಂಜಿನ್ ಮುಂದಿದೆ, ಎಳೆಯುವುದು ಮುಂದಿನ ಚಕ್ರ, ಹೊಸದು ಮುಂದಕ್ಕೇ’ ಅನ್ನುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಹಿಡಿತ ತಪ್ಪಿದರೆ ಕಾರು ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ಹಿಂದಿನ ಹಿಡಿತ ತಪ್ಪಿದರೆ ಕಾರು ಅಡ್ಡ ತಿರುಗುತ್ತದೆ, ಆಗ ಕಾಲು ತೆಗೆದರೆ ಇನ್ನೂ ಜಾಸ್ತಿ ತಿರುಗುತ್ತದೆ. ಊರಿಂದ ವಾಪಸ್ ಬರುವಾಗ ಖಂಬಾಟ್ಕಿ ಸುರಂಗ ದಾಟಿದ ಮೇಲೆ ಇಳಿಜಾರಿನಲ್ಲಿ ಎಸ್ ಆಕಾರದ ತಿರುವು ಬರುತ್ತದಲ್ಲ, ಲಾರಿಗಳ ಎಣ್ಣೆ ಬಿದ್ದು ಮೊದಲ ಮಳೆಗೆ ಮಿರಮಿರ ಮಿನುಗುವ ಜಾಗ, ಅಲ್ಲಿ ಇದನ್ನು ಪರೀಕ್ಷೆ ಮಾಡುವ ಪರಿಸ್ಥಿತಿ ಬರಬಾರದು. ಒಂದೇ ಆಕ್ಸಲ್‌ಗೆ, ಅಂದರೆ ಮುಂದಿನ ಜೋಡಿಗೋ ಹಿಂದಿನ ಜೋಡಿಗೋ, ಎರಡು ಬೇರೆ ಮಾದರಿಯ ಟೈರ್ ಮಾತ್ರ ಎಂದಿಗೂ ಹಾಕಿಸಬೇಡಿ.

ಹಾಕುವಾಗ ಪಕ್ಕದಲ್ಲೇ ನಿಲ್ಲಿ. ಚಹಾ ಕುಡಿಯಲು ಹೋಗಬೇಡಿ. ಮೆಷಿನ್ನಿನ ಲೋಹದ ತುದಿ ಅಲಾಯ್ ರಿಮ್ಮನ್ನು ಗೀರದ ಹಾಗೆ ಪ್ಲಾಸ್ಟಿಕ್ ತುಂಡು ಇಡುತ್ತಾರಾ ನೋಡಿ. ಟೈರಿನ ಅಂಚಿಗೆ, ರಿಮ್ಮಿನಲ್ಲಿ ಕೂರುವ ಜಾಗಕ್ಕೆ, ಬ್ರಶ್ಶಿನಲ್ಲಿ ಸೋಪಿನ ನೀರನ್ನೋ ಪೇಸ್ಟನ್ನೋ ಹಚ್ಚಬೇಕು. ಒಣಗಿದ್ದಾಗಲೇ ಸನ್ನೆ ಹಾಕಿ ಎಳೆದರೆ ಅಂಚು ಹರಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಗಾಳಿ ಸೋರುತ್ತದೆ, ಪಂಕ್ಚರ್ ಮಾತ್ರ ಎಲ್ಲೂ ಸಿಗುವುದಿಲ್ಲ. ಸೈಡ್‌ವಾಲ್ ಮೇಲೆ ಔಟ್‌ಸೈಡ್ ಅಂತ ಬರೆದಿದ್ದರೆ ಅದು ಹೊರಗಡೆಗೆ, ಬಾಣದ ಗುರುತಿದ್ದರೆ ಚಕ್ರ ಮುಂದೆ ಉರುಳುವ ದಿಕ್ಕಿಗೆ. ರಶ್ ಇದ್ದ ದಿನ ಇದು ತಪ್ಪುವುದು ಅಪರೂಪ ಏನಲ್ಲ. ಬ್ಯಾಲೆನ್ಸಿಂಗ್ ಮೆಷಿನ್ನಿನ ಪರದೆ ಎರಡೂ ಕಡೆ ಸೊನ್ನೆ ತೋರಿಸುವವರೆಗೆ ಬಿಡಬೇಡಿ. ಕೊನೆಗೆ ಗನ್ ಹಿಡಿದು ಬೋಲ್ಟ್‌ಗಳನ್ನು ಬರ್‍ ಅಂತ ಬಿಗಿದು ಕಳಿಸುತ್ತಾರೆ, ಅದನ್ನು ತಡೆಯಿರಿ. ಕೈಯಲ್ಲಿ ಸುತ್ತಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಬಿಗಿಯಲಿ. ವರ್ಟಸ್, ಸ್ಲಾವಿಯಾ, ಪೋಲೊ ಕಾರುಗಳಿಗೆ 120 ನ್ಯೂಟನ್ ಮೀಟರ್. ಉಳಿದವಕ್ಕೆ ಕಾರಿನ ಪುಸ್ತಕ ನೋಡಿ. ಜಾಸ್ತಿ ಬಿಗಿದರೆ ರಸ್ತೆಯಲ್ಲಿ ಪಂಕ್ಚರ್ ಆದಾಗ ಬೋಲ್ಟ್ ಬಿಚ್ಚಲು ನಿಮ್ಮಿಂದ ಆಗುವುದಿಲ್ಲ.

ನೈಟ್ರೋಜನ್ ಬೇಕಾ ಅಂತ ಕೇಳುತ್ತಾರೆ. ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಬಿಟ್ಟಿ ಕೊಟ್ಟರೆ ಹಾಕಿಸಿಕೊಳ್ಳಿ.

ಹಾಕಿಸಿದ ಮೇಲೆ

ಎಷ್ಟು ಗಾಳಿ ಅನ್ನುವುದು ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಒತ್ತಡ, ಅಷ್ಟು ತುಂಬಬೇಕು ಅಂತಲ್ಲ. ಬೆಳಿಗ್ಗೆ, ಓಡಿಸುವ ಮುಂಚೆ ಅಳೆಯಿರಿ. ಬಿಸಿ ಐದಾರು ಡಿಗ್ರಿ ಏರಿದರೆ ಒತ್ತಡ ಹೆಚ್ಚುಕಡಿಮೆ ಒಂದು ಪಿಎಸ್‌ಐ ಏರುತ್ತದೆ, ಹಾಗಾಗಿ ಎಕ್ಸ್‌ಪ್ರೆಸ್‌ವೇ ಫುಡ್ ಮಾಲಿನಲ್ಲಿ ನಿಲ್ಲಿಸಿ ‘ಜಾಸ್ತಿ ಆಗಿದೆ’ ಅಂತ ಗಾಳಿ ಬಿಡುವುದು ತಪ್ಪು. ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆ ಅಂತ ಹೆದರಿ ಮೊದಲೇ ಎರಡು ಮೂರು ಪಾಯಿಂಟ್ ಕಡಿಮೆ ಇಡುವವರಿದ್ದಾರೆ. ನಡೆಯುವುದು ಪೂರ್ತಿ ಉಲ್ಟಾ. ಗಾಳಿ ಕಡಿಮೆ ಇದ್ದರೆ ಪ್ರತಿ ಸುತ್ತಿಗೂ ಸೈಡ್‌ವಾಲ್ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಕಾರು ತುಂಬ ಜನ ಇದ್ದು ವೇಗವೂ ಸೇರಿದರೆ ಒಡೆಯುವುದೇ ಆ ಟೈರು. 120ಕ್ಕೆ ಅನುಮತಿ ಇರುವ ಸಮೃದ್ಧಿ ಮಹಾಮಾರ್ಗದ ಕಡೆ ಹೋಗುವವರಂತೂ ಹೊರಡುವ ದಿನ ಬೆಳಿಗ್ಗೆ ಗಾಳಿ ನೋಡದೆ ಗಾಡಿ ತೆಗೆಯಬಾರದು. ಪೂರ್ತಿ ಭಾರಕ್ಕೆ ಸ್ಟಿಕ್ಕರಿನಲ್ಲಿ ಬೇರೆ ಅಂಕಿ ಇರುತ್ತದೆ, ಹಬ್ಬಕ್ಕೆ ಊರಿಗೆ ಹೊರಟಾಗ ಅದನ್ನು ಹಿಡಿಯಿರಿ.

ಮೊದಲ ನೂರು ಕಿಲೋಮೀಟರ್ ಆದ ಮೇಲೆ ಬೋಲ್ಟ್ ಬಿಗಿ ಇದೆಯಾ ಒಮ್ಮೆ ನೋಡಿಸಿ. 80ರಲ್ಲಿ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಬಾಣದ ಗುರುತಿನ ಟೈರಾದರೆ ಎಡದ್ದು ಎಡಕ್ಕೇ ಇರಲಿ. ಮೊಳೆ ಚುಚ್ಚಿ ಪಂಕ್ಚರ್ ಆದರೆ ನೆಲಕ್ಕೆ ತಾಗುವ ಭಾಗದಲ್ಲಿದ್ದರೆ ಮಾತ್ರ ರಿಪೇರಿ, ಅದೂ ಟೈರ್ ಬಿಚ್ಚಿ ಒಳಗಿನಿಂದ ಹಾಕುವ ಮಶ್ರೂಮ್ ಪ್ಯಾಚ್ ಆದರೆ ಒಳ್ಳೆಯದು. ಹೊರಗಿನಿಂದ ತುರುಕುವ ದಾರ ಮನೆ ಸೇರಲು ಸಾಕು.

ಇನ್ನು ಸ್ಟೆಪ್ನಿ. ಡಿಕ್ಕಿ ತೆಗೆದು ಅದರ ಡಿಒಟಿ ಅಂಕಿಯನ್ನೂ ಓದಿ. ಒಂದು ದಿನವೂ ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಸಣ್ಣ ಬಿರುಕು ಕಂಡರೆ ಬದಲಿಸಿ. ಅದು ಉಳಿದ ನಾಲ್ಕಕ್ಕಿಂತ ಚಿಕ್ಕದಿದ್ದು ಮೇಲೆ 80 ಅಂತ ಹಳದಿ ಸ್ಟಿಕ್ಕರ್ ಇದ್ದರೆ ಅದನ್ನು ಹಾಕಿಕೊಂಡು 80 ದಾಟಬೇಡಿ, ಹತ್ತಿರದ ಅಂಗಡಿವರೆಗೆ ಮಾತ್ರ. ಅದಕ್ಕೂ ಗಾಳಿ ಹೊಡೆಸಿ, ಬಹಳ ಕಾರುಗಳಲ್ಲಿ ಅದು ಶೋರೂಮಿನಿಂದ ಬಂದ ದಿನದ ಗಾಳಿಯಲ್ಲೇ ಮಲಗಿರುತ್ತದೆ.